ಬ್ಯಾಟರಿ ಇಲ್ಲದ ವಾಕ್ಯಗಳು

ಅವರು ತೀರಿಕೊಂಡ ಮೇಲೆ ಚನ್ನಗಿರಿಯಲ್ಲಿ ಒಂದು ನುಡಿನಮನ ಸಭೆ ನಡೆಯಿತು. ಮರುದಿನ ಪತ್ರಿಕೆಯ ಒಳಪುಟದಲ್ಲಿ ಅಂಗೈಯಗಲದ ಸುದ್ದಿ ಬಂತು. ಅದರಲ್ಲಿ ಅವರ ಬಗ್ಗೆ ಮೂರು ಮಾತಿದ್ದವು. ಸೌಮ್ಯ ಸ್ವಭಾವದವರು. ಹಳೆಯ ವಸ್ತುಗಳ ಪ್ರೇಮಿ. ಕೊನೆಯ ದಿನಗಳಲ್ಲಿ ಮಾನಸಿಕವಾಗಿ ಅಸ್ವಸ್ಥರಾಗಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕೂಗಾಡಿ ಬೆಳೆದವಳು ನಾನು. ಎದುರಾಳಿಯ ಮಾತಿನಲ್ಲಿ ಒಂದನ್ನಾದರೂ ಒಪ್ಪಿಕೊಂಡು ಉಳಿದದ್ದನ್ನು ಹೊಡೆಯಬೇಕು, ಅದು ಸಭ್ಯತೆ ಎಂದು ಕಲಿಸಿದ್ದಾರೆ. ಇಲ್ಲಿ ಒಪ್ಪಿಕೊಳ್ಳಲು ಒಂದೂ ಸಿಗಲಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಕಡೆಗೂ ಅವರು ಒಂದು ಪತ್ರಿಕೆಯ ವರದಿಗಾರರಾಗಿದ್ದರು. ನ್ಯಾಮತಿ ಆಗ ತಾಲ್ಲೂಕೇ ಆಗಿರಲಿಲ್ಲ. "ಆಗ್ತೈತೆ ಆಗ್ತೈತೆ ಅಂತ ವೇದಿಕೆ ಮ್ಯಾಲೆ ಹೇಳ್ತಾನೇ ಇದ್ರು. ನಾನು ಬರ್ಕೊಂಡಿದ್ರಾಗೆ ನಿಜ ಆಗಿದ್ದು ಅದೊಂದೇ. ಹೆಂಗಾಯ್ತೋ ಅವರಿಗೇ ಗೊತ್ತಿಲ್ಲ" ಎನ್ನುತ್ತಿದ್ದರು. ಚನ್ನಗಿರಿಯ ಅವರ ಮನೆತನದವರು ತಗಡಿನ ಟ್ರಂಕು ಮಾಡುವವರು. ಇವರು ತಗಡು ಬಿಟ್ಟು ಸುದ್ದಿಗೆ ಬಿದ್ದರು. ಆದರೂ ಟ್ರಂಕು ಅವರನ್ನು ಬಿಡಲಿಲ್ಲ. ಪತ್ರಿಕೆಯವರು ಕೊಟ್ಟ ಲ್ಯಾಪ್‌ಟಾಪಿಗೆ ಅವರ ಅಣ್ಣ ಅಳತೆ ತೆಗೆದು ಒಂದು ತಗಡಿನ ಪೆಟ್ಟಿಗೆ ಮಾಡಿ, ಒಳಗೆ ಹಳೆಯ ಕಂಬಳಿ ಹೊಲಿದು ಕೊಟ್ಟಿದ್ದರು. ಆ ಪೆಟ್ಟಿಗೆ ಸ್ಕೂಟರಿನ ಮುಂದೆ, ಬಸ್ಸಾದರೆ ತೊಡೆಯ ಮೇಲೆ. ಹಾಗಾಗಿ ಊರವರ ಬಾಯಲ್ಲಿ ಅವರು ಪೆಟ್ಟಿಗೆ ಸಾಹೇಬ್ರು.

ಮೊದಲನೆಯ ಮಾತು: ಸೌಮ್ಯ ಸ್ವಭಾವ.

ನಾನು ಅವರನ್ನು ಮೊದಲು ಕಂಡದ್ದು ಹೊನ್ನಾಳಿಯ ನಮ್ಮ ಕಾಲೇಜಿನಲ್ಲಿ. ಚರ್ಚಾಸ್ಪರ್ಧೆಗೆ ತೀರ್ಪುಗಾರರಾಗಿ ಬಂದಿದ್ದರು. ವಿಷಯ: ತಂತ್ರಜ್ಞಾನವು ಬರವಣಿಗೆಯನ್ನು ಕೊಂದಿದೆ. ನಾನು ಪರ. ಮಸಿಯ ವಾಸನೆ, ಕಾಗದದ ಸ್ಪರ್ಶ, ಅಜ್ಜನ ಅಂಚೆಪತ್ರ, ಏನೇನು ಬೇಕೋ ಎಲ್ಲ ಹಾಕಿದೆ. ನನ್ನ ಅಜ್ಜ ಜೀವಮಾನದಲ್ಲಿ ಒಂದು ಅಂಚೆಪತ್ರವನ್ನೂ ಬರೆದವನಲ್ಲ. ಮುಂದಿನ ಸಾಲಿನ ಇಬ್ಬರು ಉಪನ್ಯಾಸಕಿಯರು ಕಣ್ಣೊರೆಸಿಕೊಂಡರು. ಅವರು ಮಾತ್ರ ಗೋಡೆ ಗಡಿಯಾರ ನೋಡುತ್ತಿದ್ದರು. ನನಗೆ ಎರಡನೆಯ ಬಹುಮಾನ ಬಂತು. ನಾನು ಬಿಡುವವಳಲ್ಲ, ಅವರು ಸ್ಕೂಟರಿಗೆ ಪೆಟ್ಟಿಗೆ ಏರಿಸುತ್ತಿದ್ದಲ್ಲಿಗೇ ಹೋದೆ.

"ಸರ್, ನನ್ನದು ಯಾಕೆ ಎರಡನೇದು?"

"ಚೆನ್ನಾಗಿ ಮಾತಾಡಿದೆ ವಕೀಲಮ್ಮ. ಆದ್ರೆ ಒಂದು ಮಾತೂ ನೀನು ನಂಬಿರಲಿಲ್ಲ."

"ಚರ್ಚೆಯಲ್ಲಿ ನಂಬಿಕೆಗೆ ಅಂಕ ಇಲ್ಲ ಸರ್. ವಾದಕ್ಕೆ ಮಾತ್ರ."

"ಗೊತ್ತೈತೆ. ಅದಕ್ಕೇ ಎರಡ್ನೇದು ಕೊಟ್ಟೆ. ನೀನು ಅದನ್ನ ನಂಬಿದ್ದಿದ್ರೆ ಮೂರ್ನೇದು ಕೊಡ್ತಿದ್ದೆ."

ಇದು ಸೌಮ್ಯ ಸ್ವಭಾವವೇ? ಸೌಮ್ಯ ಎನ್ನುವುದು ನಮ್ಮಲ್ಲಿ ಸತ್ತವರಿಗೆ ಹೊದಿಸುವ ಬಟ್ಟೆ. ಬದುಕಿದ್ದಾಗ ಯಾರ ಮಾತು ಚುಚ್ಚುತ್ತಿತ್ತೋ ಅವರಿಗೆ ಅದನ್ನು ಎರಡು ಮಡಿಕೆ ಮಾಡಿ ಹೊದಿಸುತ್ತಾರೆ.

ಆಮೇಲೆ ನಾನು ಅವರ ಮನೆಗೆ ಹೋಗಿ ಬರತೊಡಗಿದೆ. ನೆಪ ಚರ್ಚೆಗೆ ವಿಷಯ ಸಂಗ್ರಹ, ನಿಜ ಜಗಳ. ಅವರಿಗೂ ಜಗಳಕ್ಕೆ ಜನ ಬೇಕಿತ್ತು. ಅವರ ಹೆಂಡತಿ ಚಹಾ ತಂದಿಟ್ಟು, "ಬಂದ್ಯಾ ಬೇಟಿ? ಬೆಳಗಿಂದ ಯಾರೂ ಸಿಗದೆ ನನ್ನ ಮ್ಯಾಲೆ ಬಿದ್ದಿದ್ರು, ಇನ್ನು ನಿನಗೇ ಒಪ್ಪಿಸ್ದೆ" ಎಂದು ಒಳಗೆ ಹೋಗುತ್ತಿದ್ದರು.

ಇನ್ನು ಎರಡನೆಯದು: ಹಳೆಯ ವಸ್ತುಗಳ ಪ್ರೇಮಿ. ಇದಕ್ಕೆ ನಾನು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಏಕೆಂದರೆ ಈ ಸುಳ್ಳು ಈಗ ಫ್ಯಾಶನ್ ಆಗಿದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಬರೆಯುವುದು ತಪಸ್ಸಂತೆ. ಇಂಟರ್ನೆಟ್ ಇಲ್ಲ, ಮೆಸೇಜು ಬರುವುದಿಲ್ಲ, ಮನಸ್ಸು ಚದುರುವುದಿಲ್ಲವಂತೆ. ಮೊಬೈಲಿನಲ್ಲಿ ಇಂಥ ವಿಡಿಯೋಗಳನ್ನು ನೋಡಿ ನಾನೂ ಒಮ್ಮೆ ಅವರ ಬಾಯಿ ಬಿಡಿಸಲು ಹೋದೆ.

"ಇದರಲ್ಲಿ ಏಕಾಗ್ರತೆ ಜಾಸ್ತಿ ಅಲ್ವಾ ಸರ್?"

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಇಸ್ಪೀಟು. ಹಸಿರು ಹಾಸಿನ ಮೇಲೆ ಅರ್ಧ ಆಡಿದ ಇಸ್ಪೀಟಿನಾಟ.

"ಬೆಳಗಿಂದ ಇದೇ ಆಡ್ತಾ ಇದೀನಿ" ಎಂದರು. "ಮನಸ್ಸು ಚದುರಾಕೆ ಇಂಟರ್ನೆಟ್ಟೇ ಬೇಕೇನು? ನನ್ನ ಮನಸ್ಸು ಗೋಡೆ ನೋಡಿದ್ರೂ ಚದುರ್ತೈತೆ."

ಹಾಗಾದರೆ ಯಾಕೆ ಇಟ್ಟುಕೊಂಡಿದ್ದಾರೆ? ಕಾರಣ ಎರಡು. ಎರಡರಲ್ಲೂ ಪ್ರೇಮವಿಲ್ಲ. ಒಂದು, ಅದು ಕೆಟ್ಟಿರಲಿಲ್ಲ. ಪೂರ್ತಿ ಕೆಟ್ಟಿರಲಿಲ್ಲ ಎನ್ನಬೇಕು. ಇಟ್ಟಿಗೆಯಷ್ಟು ದಪ್ಪ, ಅಷ್ಟೇ ಭಾರ, ಪಕ್ಕದಲ್ಲಿ ಫ್ಲಾಪಿ ತೂರಿಸುವ ಬಾಯಿ, 'ಕ' ಒತ್ತಿ ಒತ್ತಿ ಅಳಿಸಿಹೋದ ಗುಂಡಿ. ಬ್ಯಾಟರಿ ನನಗೆ ಅವರ ಪರಿಚಯವಾಗುವ ಎಷ್ಟೋ ಮೊದಲೇ ಸತ್ತಿತ್ತು. ಸದಾ ಗೋಡೆಗೆ ಚುಚ್ಚಿಕೊಂಡಿರಬೇಕು. ಇನ್ನೊಂದು ಕಾರಣ ತಿಳಿದದ್ದು ಅವರ ಅಳಿಯ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟಾಗ. ಅಳಿಯ ಎಂದರೆ ತಂಗಿಯ ಮಗ, ಹೊನ್ನಾಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಸಾಹೇಬರಿಗೆ ಮಕ್ಕಳಿರಲಿಲ್ಲ, ಇವನೇ ಮಗನಂತೆ. ಹೊಸದು ನಾಲ್ಕು ದಿನ ಮನೆಯಲ್ಲಿತ್ತು. ಐದನೆಯ ದಿನ ವಾಪಸ್ ಹೋಯಿತು.

"ಅದ್ರಾಗೆ ಬರೆಯಾಕೆ ಶುರು ಮಾಡಿದ್ರೆ ಮುಂದಿನ ಪದ ಅದೇ ಹೇಳ್ತೈತೆ ಕಣಮ್ಮ. 'ಮಾನ್ಯ' ಅಂತ ಒತ್ತಿದ್ರೆ 'ಅಧ್ಯಕ್ಷರೇ' ಅಂತ ತೋರಿಸ್ತೈತೆ. ನಾನು ಜೀವಮಾನೆಲ್ಲ ವೇದಿಕೆ ಮುಂದೆ ಕೂತವನು. ಮುಂದಿನ ಪದ ಏನು ಅಂತ ಗೊತ್ತಿದ್ದೇ ಬರ್ಕೊಂಡವನು. ವಯಸ್ಸಾದ ಮ್ಯಾಲೂ ಅದನ್ನೇ ಕೇಳ್ಬೇಕಾ?"

ಜಗಳೂರಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ನಾನೂ ಜೊತೆಗಿದ್ದೆ. ಬಿಳಿಚೋಡಿನಲ್ಲಿ ಯಾವುದೋ ಶಾಲೆಯ ಸಮಾರಂಭ, ಅವರು ಅತಿಥಿ, ನಾನು ಭಾಷಣಕ್ಕೆ. ಕಂಡಕ್ಟರ್ ತೊಡೆಯ ಮೇಲಿನ ಟ್ರಂಕು ತಟ್ಟಿ, "ಏನ್ರಿ ಸಾಹೇಬ್ರೆ, ಒಳಗೆ ಕೋಳಿ ಐತೇನ್ರಿ?" ಎಂದ. "ಕೋಳಿ ಆಗಿದ್ರೆ ಇಷ್ಟೊತ್ತಿಗೆ ಮೊಟ್ಟೆ ಇಡ್ತಿತ್ತಪ್ಪ. ಇದು ಬರೇ ಕಾವು ಕೂತೈತೆ" ಎಂದರು. ಬಸ್ಸೆಲ್ಲ ನಕ್ಕಿತು. ಅವರು ನಗಲಿಲ್ಲ. ಆ ಕಾವು ಯಾವುದಕ್ಕೆ ಎಂದು ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

ಪತ್ರಿಕೆ ಮೊಬೈಲಿಗೆ ಇಳಿದು, ಸುದ್ದಿಯನ್ನು ಫೋನಿಗೆ ಬಾಯಿಂದ ಹೇಳಿ ಕಳಿಸಿರಿ ಎಂದ ದಿನ ಅವರು ವರದಿಗಾರಿಕೆ ಬಿಟ್ಟರು. ಪುಸ್ತಕ ಶುರುಮಾಡಿದರು. ಹೆಸರು 'ಉಪಸ್ಥಿತರಿದ್ದರು'. ಎಲ್ಲ ಸಭೆಯ ವರದಿಯ ಕೊನೆಯಲ್ಲಿ ಬರುವ ಪದವಲ್ಲವೇ, ಅದು. ಈ ನಾಲ್ಕು ತಾಲ್ಲೂಕಿನ ವೇದಿಕೆಗಳ ಮೇಲೆ ಯಾರು ಏನು ಹೇಳಿದರು, ಯಾರಿಗೆ ಯಾರು ಹಾರ ಹಾಕಿದರು, ಹೇಳಿದ್ದು ಆಮೇಲೆ ಏನಾಯಿತು, ಇಷ್ಟೇ ವಸ್ತು. ಬೈಗುಳವಿಲ್ಲ, ಟೀಕೆಯಿಲ್ಲ. ಇದನ್ನು ಅವರು ಮುಚ್ಚಿಟ್ಟಿರಲೂ ಇಲ್ಲ. ಊರಿನ ಎಲ್ಲ ಸಭೆಗಳಿಗೂ ಅಧ್ಯಕ್ಷತೆ ವಹಿಸುವ ಹಿರಿಯರೊಬ್ಬರಿದ್ದಾರೆ, ಅಡಿಕೆ ಮಂಡಿಯವರು. ಒಮ್ಮೆ ಬಸ್ ನಿಲ್ದಾಣದಲ್ಲಿ ನಗುನಗುತ್ತಲೇ ಕೇಳಿದರು:

"ಏನ್ ಸಾಹೇಬ್ರೆ, ನಿಮ್ಮ ಪುಸ್ತಕದಾಗೆ ನಾನು ಯಾವ ಪುಟದಾಗಿದೀನಿ?"

"ಯಾವ ಪುಟದಾಗಿಲ್ಲ ಅಂತ ಕೇಳ್ರಿ, ಹುಡುಕಾಕೆ ಸುಲಭ ಆಗ್ತೈತೆ."

ಅಧ್ಯಕ್ಷರು ನಕ್ಕರು. ಬಾಯಿ ಮಾತ್ರ.

ಅವರು ಬರೆಯುತ್ತಿದ್ದ ರೀತಿ ಹೇಳಬೇಕು. ಬ್ಯಾಟರಿ ಇಲ್ಲದ ಕಂಪ್ಯೂಟರಿನಲ್ಲಿ ಕರೆಂಟ್ ಹೋದ ಕ್ಷಣ ಉಳಿಸದೆ ಬಿಟ್ಟದ್ದೆಲ್ಲ ಹೋಗುತ್ತದೆ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಎಂದು ಕೇಳುವವರಿಲ್ಲ, ಯಾವಾಗ ಬರುತ್ತದೆ ಎಂದೇ ಕೇಳುವುದು. ಮೊದಮೊದಲು ಅವರು ಪುಟಗಟ್ಟಲೆ ಕಳೆದುಕೊಂಡರಂತೆ. ಆಮೇಲೆ ಒಂದು ಅಭ್ಯಾಸ ಬಂತು. ಒಂದು ವಾಕ್ಯ ಬರೆಯುವುದು, ಎಡಗೈಯ ಎರಡು ಬೆರಳನ್ನು ಒಟ್ಟಿಗೆ ಎರಡು ಗುಂಡಿಯ ಮೇಲೆ ಇಳಿಸಿ ಉಳಿಸುವುದು, ಮುಂದಿನ ವಾಕ್ಯ. ಹೀಗೆ ಪ್ರತಿ ವಾಕ್ಯಕ್ಕೂ. ವಾಕ್ಯ ಉದ್ದವಾದಷ್ಟೂ ಅಪಾಯ. ಆದ್ದರಿಂದ ವಾಕ್ಯಗಳು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತ ಬಂದವು. ಜಿಲ್ಲೆಯ ಸಾಹಿತಿಯೊಬ್ಬರು ಅವರ ಶೈಲಿಯನ್ನು ವಚನದ ಪ್ರಭಾವ ಎಂದು ಹೊಗಳಿದ್ದರು. "ವಚನ ಅಲ್ರಿ, ವಿದ್ಯುತ್ ಇಲಾಖೆ" ಎಂದರು ಇವರು.

ಹೆಂಡತಿ ಉರ್ದು ಶಾಲೆಯಲ್ಲಿ ಓದಿದವರು. ಕನ್ನಡ ನಮ್ಮಷ್ಟೇ ಸಲೀಸಾಗಿ ಆಡುತ್ತಾರೆ, ಓದಲು ಬರುವುದಿಲ್ಲ. ಆದರೆ ಅಡುಗೆಮನೆಯಲ್ಲಿ ಕೂತು ಅವರು ಆ ಪುಸ್ತಕವನ್ನು ಕಿವಿಯಿಂದ ಕೇಳುತ್ತಿದ್ದರು. ಗುಂಡಿಗಳ ಸಣ್ಣ ಸದ್ದು, ಆಮೇಲೆ ಎರಡು ಬೆರಳಿನ ದಪ್ಪ ಸದ್ದು. ಮತ್ತೆ ಸಣ್ಣ ಸದ್ದು, ಮತ್ತೆ ದಪ್ಪ ಸದ್ದು. ಸದ್ದು ನಿಂತರೆ ಒಳಗಿಂದಲೇ, "ಹೋಯ್ತೇನ್ರಿ ಕರೆಂಟು?" ಎಂದು ಕೇಳುತ್ತಿದ್ದರು. ಹಗಲು ಹೊತ್ತಿನಲ್ಲಿ, ದೀಪ ಉರಿಯದ ಹೊತ್ತಿನಲ್ಲಿ, ಆ ಮನೆಯಲ್ಲಿ ಕರೆಂಟ್ ಹೋದದ್ದು ತಿಳಿಯುತ್ತಿದ್ದದ್ದೇ ಹಾಗೆ.

ಈಗ ಮೂರನೆಯ ಮಾತಿಗೆ ಬರುತ್ತೇನೆ. ನನಗೆ ಸಿಟ್ಟಿರುವುದು ಇಲ್ಲಿ.

ಅವರು ಒಂದು ಬೆಳಿಗ್ಗೆ ಚಹಾ ಕುಡಿದು, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಾನು ಪರೀಕ್ಷೆ ಬರೆಯಲು ಬೇರೆ ಊರಿಗೆ ಹೋಗಿದ್ದೆ, ಮಣ್ಣಿಗೆ ಬರಲಾಗಲಿಲ್ಲ. ಬಂದು ಮನೆಗೆ ಹೋದಾಗ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಅಳಲಿಲ್ಲ. ನನ್ನನ್ನು ಹತ್ತಿರ ಕರೆದು, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದರು:

"ಅವರಿಗೆ ತಲೆ ಕೆಟ್ಟಿತ್ತಂತೆ, ಹೌದೇನು ಬೇಟಿ? ಎಲ್ರೂ ಅಂತಿದಾರೆ. ಒಂದೇ ಮನೆಯಾಗಿದ್ದೆ, ನನಗೆ ಗೊತ್ತೇ ಆಗ್ಲಿಲ್ಲವಲ್ಲ? ನಾನು ಎಂಥ ಹೆಂಗಸು?"

"ಯಾರು ಹೇಳಿದ್ದು?"

ಅವರು ಮೊಬೈಲ್ ತೆಗೆದು ತೋರಿಸಿದರು. ವಾಟ್ಸಾಪ್ ಗುಂಪಿನಲ್ಲಿ ಸುತ್ತಾಡುತ್ತಿದ್ದ ಒಂದು ಫೋಟೋ. ಕಂಪ್ಯೂಟರ್ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಸ. ತಲೆಯ ಮೇಲೆ ಗೀಟು ಹೊತ್ತ ಎ, ಬಾಲ ಬಂದ ಸಿ, ನಡುನಡುವೆ ಪೌಂಡಿನ ಚಿಹ್ನೆ, ಅರ್ಥವಿಲ್ಲದ ಚುಕ್ಕಿ. ಕೆಳಗೆ ಯಾರೋ ಬರೆದಿದ್ದರು: 'ಪೆಟ್ಟಿಗೆ ಸಾಹೇಬರು ಇಷ್ಟು ವರ್ಷ ಬರೆದ ಪುಸ್ತಕ. ಪಾಪ, ಕೊನೆಗೆ ಹೀಗಾಗಿತ್ತು.' ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಮಂಡಿಯ ಅಧ್ಯಕ್ಷರದೂ ಇತ್ತು.

ನಾನು ಹೊನ್ನಾಳಿಗೆ ಹೋಗಿ ಅಳಿಯನ ಅಂಗಡಿಯಲ್ಲಿ ನಿಂತೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಅಕ್ಕ, ನಾನೇ ಡಿಸ್ಕ್ ಬಿಚ್ಚಿ ನಮ್ಮ ಕಂಪ್ಯೂಟರಿಗೆ ಹಾಕಿದೆ. ಮಾವನ ಪುಸ್ತಕ ಅಚ್ಚು ಹಾಕಿಸಾನ ಅಂತ. ನೋಡಿದ್ರೆ ಎಲ್ಲ ಫೈಲೂ ಹಿಂಗೇ. ಒಂದಕ್ಷರ ಕನ್ನಡ ಇಲ್ಲ. ದಿನಾ ಕೂತು ಗುಂಡಿ ಕುಟ್ತಿದ್ರಲ್ಲ, ಸುಮ್ಮನೆ ಕುಟ್ತಿದ್ರು ಅಕ್ಕ. ನನಗೆ ಅಳುನೇ ಬಂತು. ಏನು ಮಾಡಾದು ಅಂತ ಗುಂಪಿನಾಗೆ ಒಂದು ಫೋಟೋ ಹಾಕಿ ಕೇಳಿದೆ."

"ಡಿಸ್ಕ್ ಎಲ್ಲಿ?"

"ಅಳಿಸಿ ಗುಜರಿಗೆ ಕೊಟ್ಟೆ. ಫ್ಲಾಪಿನೂ ಕೊಟ್ಟೆ. ಇನ್ಯಾರಾದ್ರೂ ನೋಡಿ ಮಾವನ ಮರ್ಯಾದೆ ತೆಗೀಬಾರ್ದು ಅಂತ."

ತಗಡಿನ ಪೆಟ್ಟಿಗೆ ಅವನ ಅಂಗಡಿಯಲ್ಲೇ ಇತ್ತು. ಕಂಬಳಿಯ ಮೇಲೆ ಹಳೆಯ ಚಾರ್ಜರುಗಳನ್ನು ತುಂಬಿದ್ದ.

ಆ ಕಸ ಏನೆಂದು, ಕನ್ನಡದಲ್ಲಿ ಅಚ್ಚಿನ ಕೆಲಸ ಮಾಡಿದ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಮೊಬೈಲುಗಳು ಕನ್ನಡ ಕಲಿಯುವ ಮೊದಲು, ಹಳೆಯ ಕಂಪ್ಯೂಟರುಗಳಲ್ಲಿ ಕನ್ನಡ ಹೀಗೇ ಇತ್ತು. ಒಳಗೆ ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ಆ ಹಳೆಯ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ವೇಷ ಕಳಚಿದ ಕಸ. ಅಳಿಯನಿಗೆ ಮೊಬೈಲ್ ಬಿಚ್ಚಲು ಬರುತ್ತದೆ, ಇದು ಗೊತ್ತಿಲ್ಲ. ಅವನು ಹುಟ್ಟಿ ಬೆಳೆದದ್ದು ಎಲ್ಲ ಕಡೆ ಕನ್ನಡ ತಾನಾಗಿ ಕಾಣುವ ಕಾಲದಲ್ಲಿ. ಆದರೆ ಆ ಗುಂಪಿನಲ್ಲಿ ಗೊತ್ತಿದ್ದವರೂ ಇದ್ದರು, ಪತ್ರಿಕೆಯವರು, ಅಚ್ಚುಕೂಟದವರು. ಒಬ್ಬನೂ ಬಾಯಿ ಬಿಡಲಿಲ್ಲ. ಗಮನಿಸಲಿಲ್ಲ ಎನ್ನುತ್ತಾರೆ. ಇರಬಹುದು. ಕೈಮುಗಿದ ಚಿತ್ರ ಒತ್ತುವಷ್ಟು ಮಾತ್ರ ಗಮನಿಸಿದ್ದರು.

ನ್ಯಾಮತಿಯಲ್ಲಿ ನಮ್ಮ ಮನೆಯ ಹತ್ತಿರ ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿಯಿದೆ. ಅಲ್ಲಿ ಇವತ್ತಿಗೂ ಅದೇ ಫಾಂಟ್. ಫೋಟೋವನ್ನು ದೊಡ್ಡದು ಮಾಡಿ, ಒಂದೊಂದೇ ಚಿಹ್ನೆ ಹುಡುಕಿ ಅದೇ ಕ್ರಮದಲ್ಲಿ ಒತ್ತುತ್ತಾ ಹೋದೆ. ಒಂದು ಮಧ್ಯಾಹ್ನವೆಲ್ಲ ಹಿಡಿಯಿತು. ಅಂಗಡಿಯವರು ಬಗ್ಗಿ ನೋಡಿ, "ಇದೇನಮ್ಮ, ಯಾರ ಮದುವೆ?" ಎಂದರು. ಕೊನೆಗೆ ಎಲ್ಲವನ್ನೂ ಆರಿಸಿ ಫಾಂಟ್ ಹಾಕಿದೆ. ಕಸ ಎದ್ದು ಕನ್ನಡವಾಗಿ ಕೂತಿತು. ಅಷ್ಟು ದೊಡ್ಡ ಪುಸ್ತಕದಲ್ಲಿ ಉಳಿದದ್ದು ಒಂದು ಪರದೆಯಷ್ಟು.

ನುಡಿನಮನ ಸಭೆಗೆ ನಾನು ಆ ಹಾಳೆ ಹಿಡಿದುಕೊಂಡು ಹೋದೆ. ಹೆಂಡತಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮಂಡಿಯ ಅಧ್ಯಕ್ಷರು ಸಮಯದ ಅಭಾವ ಎಂದು ಶುರುಮಾಡಿ ಬಹಳ ಹೊತ್ತು ಮಾತಾಡಿದರು. "ಸಾಹೇಬ್ರು ಸೌಮ್ಯ ಸ್ವಭಾವದವರು. ಕಡೇಗಾಲಕ್ಕೆ ಬುದ್ಧಿ ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು. ಆ ಹೊತ್ತಿನಾಗೆ ಯಾರ ಬಗ್ಗೆ ಏನು ಬರೆದಿದ್ರೂ ನಾವು ಮನಸ್ಸಿಗೆ ಹಚ್ಕೊಬಾರ್ದು" ಎಂದರು. ಇಲ್ಲದ ಪುಸ್ತಕವನ್ನು ಕ್ಷಮಿಸಿದರು. ಹೆಂಡತಿ ತಲೆ ತಗ್ಗಿಸಿದರು.

ನಾನು ಎದ್ದೆ. ಮೊದಲು ವಾದ ಮಂಡಿಸಿದೆ. "ನಿಮ್ಮ ಬೆನ್ನ ಹಿಂದಿರುವ ಫ್ಲೆಕ್ಸ್ ಬ್ಯಾನರ್ ಯಾವ ಫಾಂಟಿನಲ್ಲಿದೆ ಗೊತ್ತೇ? ಅದೇ ಹಳೆಯ ಫಾಂಟಿನಲ್ಲಿ. ಆ ಫೈಲನ್ನು ನಿಮ್ಮ ಮೊಬೈಲಿನಲ್ಲಿ ತೆರೆಯಿರಿ, ನಿಮ್ಮ ಹೆಸರೂ ಇದೇ ಕಸವಾಗಿ ಕಾಣುತ್ತದೆ. ಹಾಗಾದರೆ ಈ ಸಭೆಗೇ ಬುದ್ಧಿ ಕೆಟ್ಟಿದೆಯೇ?" ವೇದಿಕೆಯ ಮೇಲಿದ್ದವರೆಲ್ಲ ಕತ್ತು ತಿರುಗಿಸಿ ಬ್ಯಾನರ್ ನೋಡಿದರು. ವಾದ ಗೆದ್ದ ಗಳಿಗೆ ನನಗೆ ಚೆನ್ನಾಗಿ ಗೊತ್ತು. ಇದು ಅದೇ. ಹಾಳೆ ಬಿಚ್ಚಿ ಓದಿದೆ.

'ಅಧ್ಯಕ್ಷರು ಎದ್ದರು. ಮೈಕು ಸರಿಮಾಡಿಕೊಂಡರು. ಸಮಯದ ಅಭಾವ ಎಂದರು. ಬಹಳ ಹೊತ್ತು ಮಾತಾಡಿದರು. ಈ ಊರಿಗೆ ಗ್ರಂಥಾಲಯ ಬರುತ್ತದೆ ಎಂದರು. ಚಪ್ಪಾಳೆ ಬಿತ್ತು. ಗ್ರಂಥಾಲಯ ಬರಲಿಲ್ಲ. ಮರುವರ್ಷ ಅವರೇ ಬಂದರು. ಅದೇ ಮಾತು ಹೇಳಿದರು. ಅದೇ ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ವರ್ಷದ ವರದಿ ತೆಗೆದೆ. ತಾರೀಖು ಬದಲಿಸಿದೆ. ಕಳಿಸಿದೆ. ಅಚ್ಚಾಯಿತು. ಯಾರೂ ಗುರುತು ಹಿಡಿಯಲಿಲ್ಲ.'

ಓದುವಾಗ ಒಮ್ಮೆ ಕಣ್ಣೆತ್ತಿದೆ. ಮುಂದಿನ ಸಾಲಿನಲ್ಲಿ ಅವರ ಹೆಂಡತಿಯ ಎಡಗೈ ತೊಡೆಯ ಮೇಲಿತ್ತು. ಪ್ರತಿ ವಾಕ್ಯ ಮುಗಿದಾಗಲೂ ಎರಡು ಬೆರಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಅವರಿಗೆ ತಿಳಿಯದೆಯೇ.

ಅಧ್ಯಕ್ಷರು ನಕ್ಕರು. ಈ ಸಲ ಪೂರ್ತಿ ನಕ್ಕರು.

"ಭಾರಿ ಚುರುಕು ಹುಡುಗಿ. ಆದ್ರೆ ನೋಡಮ್ಮ, ಈಗೆಲ್ಲ ಎಐ ಬಂದೈತೆ. ಯಾರ ಥರ ಬೇಕಾದ್ರೂ, ಏನು ಬೇಕಾದ್ರೂ ಬರೆಸಬಹುದು. ನಮ್ಮ ಮೊಮ್ಮಗ ನನ್ನ ದನೀನಾಗೇ ಪದ ಹಾಡ್ಸಿ ತೋರಿಸ್ತಾನೆ. ಇದು ಸಾಹೇಬ್ರೇ ಬರೆದಿದ್ದು ಅಂತ ಹೆಂಗೆ ನಂಬಾದು? ಮೂಲ ಐತಾ?"

ಸಭೆಯೂ ನಕ್ಕಿತು. ಮೂಲವನ್ನು ಪ್ರೀತಿಯಿಂದ ಅಳಿಸಿದವನು ಅಲ್ಲೇ ಕುರ್ಚಿ ಜೋಡಿಸುತ್ತಿದ್ದ. ಅವರ ವಾಕ್ಯ ಅವರದೇ ಎನ್ನಲು ನನ್ನ ಬಳಿ ಇದ್ದ ಸಾಕ್ಷಿ ಎರಡು ಬೆರಳು. ಅದನ್ನು ಯಾವ ತೀರ್ಪುಗಾರರಿಗೆ ತೋರಿಸುವುದು?

ಆಮೇಲೆ ಅಧ್ಯಕ್ಷರು ಮೈಕು ಸರಿಮಾಡಿಕೊಂಡು, ಸಾಹೇಬರ ನೆನಪಿಗೆ ಊರಿನಲ್ಲಿ ಒಂದು ಗ್ರಂಥಾಲಯ ಕಟ್ಟಿಸುವುದಾಗಿ ಘೋಷಿಸಿದರು. ಚಪ್ಪಾಳೆ ಬಿತ್ತು. ಹುಸಿ ಚಪ್ಪಾಳೆಯಲ್ಲ, ನಿಜವಾದದ್ದು. ಆಗಷ್ಟೇ ಓದಿದ್ದನ್ನು ಕೇಳಿಸಿಕೊಂಡ ಅದೇ ಕೈಗಳು.

ಹೊರಗೆ ಮೆಟ್ಟಿಲ ಹತ್ತಿರ ಅವರ ಹೆಂಡತಿ ನನಗಾಗಿ ನಿಂತಿದ್ದರು. ಸೋತೆ ಎಂದು ಹೇಳಬೇಕೆಂದಿದ್ದೆ. ಅವರು ನನ್ನ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡು, ಓದಲಾಗದಿದ್ದರೂ ಮೇಲಿಂದ ಕೆಳಗೆ ನೋಡಿದರು. ಮಡಚಿ ಸೆರಗಿನೊಳಗೆ ಇಟ್ಟುಕೊಂಡರು.

"ಅವರೇ ಬೇಟಿ. ತಲೆ ನೆಟ್ಟಗಿತ್ತು" ಎಂದರು. ಮೆಟ್ಟಿಲಿಳಿಯುತ್ತ, "ನೀನು ಓದಾದು ನಿಲ್ಲಿಸಿದೆ ನೋಡು, ಆಗ ಬಾಯಿಗೇ ಬಂದಿತ್ತು ಕೇಳಾಕೆ, ಹೋಯ್ತೇನ್ರಿ ಕರೆಂಟು ಅಂತ."